ದೂರದವರ ತಕರಾರು



ಹೊರದೇಶಗಳ ವಿದ್ಯಮಾನದ ಬಗ್ಗೆ ನಮ್ಮ ಎಳೆಯ ಪತ್ರಕರ್ತರು ಬರೆಯುವುದರಲ್ಲಿ, ಮಾತಾಡುವುದರಲ್ಲಿ ರಾಜಕೀಯ ಪಕ್ಷಪಾತ ಎದ್ದು ಕಾಣುತ್ತದೆ ಎಂಬ ದೂರು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ದೂರಿನಲ್ಲಿ ಸತ್ಯವಿದೆ. ಉಕ್ರೇನಿರಲಿ, ಗಾಜಾ ಇರಲಿ, ಢಾಕಾ ಇರಲಿ, ಬರೆದವರ ಹೆಸರು ನೋಡಿದರೆ ಸಾಕು, ಲೇಖನ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಮೊದಲ ಪ್ಯಾರಾ ಓದುವ ಮುಂಚೆಯೇ ಹೇಳಬಹುದು. ಆದರೆ ಇದಕ್ಕೆ ಹಿರಿಯರು ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ. ಈಗಿನವರಿಗೆ ಓದಿಲ್ಲ, ತಾಳ್ಮೆಯಿಲ್ಲ, ಮೊಬೈಲು ಅವರನ್ನು ಕೆಡಿಸಿದೆ ಎನ್ನುತ್ತಾರೆ. ಪಕ್ಷಪಾತಕ್ಕೂ ವಯಸ್ಸಿಗೂ ಇರುವ ನಂಟು ಅಷ್ಟು ಸರಳವಾದದ್ದಲ್ಲ. ಅದನ್ನು ವಿವರಿಸಲು ನಿಮ್ಮನ್ನು 1933ರ ಮಾರ್ಚ್ ತಿಂಗಳ ಸೋವಿಯತ್ ಉಕ್ರೇನಿಗೆ ಕರೆದೊಯ್ಯಬೇಕು.

ಗ್ಯಾರೆತ್ ಜೋನ್ಸ್ ವೇಲ್ಸಿನವನು. ಆಗ ಅವನಿಗೆ 27 ವರ್ಷ. ಅಬೆರಿಸ್ಟ್‌ವಿತ್‌ನಲ್ಲೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲೂ ಓದಿ ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳನ್ನು ಚೆನ್ನಾಗಿ ಕಲಿತಿದ್ದ. ಬ್ರಿಟನ್ನಿನ ಮಾಜಿ ಪ್ರಧಾನಿ ಲಾಯ್ಡ್ ಜಾರ್ಜ್‌ಗೆ ವಿದೇಶ ವ್ಯವಹಾರಗಳ ಸಲಹೆಗಾರನಾಗಿ ಕೆಲಸ ಮಾಡಿದ್ದ. ಅವನ ತಾಯಿ ಮದುವೆಗೆ ಮುಂಚೆ ಉಕ್ರೇನಿನ ಹ್ಯೂಸೊವ್ಕಾ ಎಂಬ ಊರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದಳು. ಜಾನ್ ಹ್ಯೂಸ್ ಎಂಬ ವೇಲ್ಸಿನ ಉದ್ಯಮಿ ಕಬ್ಬಿಣದ ಕಾರ್ಖಾನೆ ಕಟ್ಟಿ ಬೆಳೆಸಿದ ಆ ಊರು ಇವತ್ತಿನ ದೊನೆಟ್ಸ್ಕ್. ತಾಯಿಯ ಬಾಯಿಂದ ಆ ನೆಲದ ಕಥೆ ಕೇಳಿ ಬೆಳೆದವನಿಗೆ ಅದು ನಕಾಶೆಯ ಮೇಲಿನ ಒಂದು ಹೆಸರಷ್ಟೇ ಆಗಿರಲಿಲ್ಲ. 1930ರಲ್ಲಿ ಒಮ್ಮೆ, 1931ರಲ್ಲಿ ಇನ್ನೊಮ್ಮೆ ರಷ್ಯಕ್ಕೆ ಹೋಗಿಬಂದಿದ್ದ. ಹಳ್ಳಿಗಳಲ್ಲಿ ಅನ್ನವಿಲ್ಲ ಎಂಬ ಮಾತು ಕಿವಿಗೆ ಬೀಳುತ್ತಲೇ ಇತ್ತು. ಮೂರನೆಯ ಸಲ ಹೋದಾಗ ಮಾಸ್ಕೋದಲ್ಲಿ ಕೂತು ಅಧಿಕಾರಿಗಳನ್ನು ಕೇಳಿ ಬರೆಯುವುದು ಅವನಿಗೆ ಸಾಕೆನಿಸಲಿಲ್ಲ. ಆಗ ಸೋವಿಯತ್ ಉಕ್ರೇನಿನ ರಾಜಧಾನಿಯಾಗಿದ್ದ ಖಾರ್ಕಿವ್‌ಗೆ ಹೋಗುವ ರೈಲು ಹತ್ತಿದ. ಬೆನ್ನಚೀಲದಲ್ಲಿ ತಿನ್ನಲು ಬೇಕಾದಷ್ಟು ಇಟ್ಟುಕೊಂಡಿದ್ದ. ಊರು ತಲುಪುವ ಮುಂಚೆಯೇ ರೈಲಿನಿಂದ ಇಳಿದು ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ. ರಾತ್ರಿ ರೈತರ ಗುಡಿಸಲುಗಳಲ್ಲಿ ಮಲಗಿದ. ಹೋದಲ್ಲೆಲ್ಲ ಅವನಿಗೆ ಕೇಳಿಸಿದ್ದು ಒಂದೇ ಮಾತು: ರೊಟ್ಟಿಯಿಲ್ಲ, ಸಾಯುತ್ತಿದ್ದೇವೆ.

ರೈಲಿನಲ್ಲಿ ನಡೆದ ಒಂದು ಸಂಗತಿಯನ್ನು ಅವನೇ ಬರೆದಿದ್ದಾನೆ. ಜೊತೆಗಿದ್ದ ಕಮ್ಯುನಿಸ್ಟ್ ಪ್ರಯಾಣಿಕನೊಬ್ಬ ಬರಗಾಲ ಎಂಬುದೇ ಇಲ್ಲ ಎಂದು ವಾದಿಸಿದ. ಜೋನ್ಸ್ ತಾನು ತಿನ್ನುತ್ತಿದ್ದ ರೊಟ್ಟಿಯ ತುಣುಕನ್ನು ಉಗುಳುವ ಪಾತ್ರೆಗೆ ಎಸೆದ. ಪಕ್ಕದಲ್ಲಿದ್ದ ರೈತ ಅದನ್ನು ಎತ್ತಿಕೊಂಡು ಗಬಗಬನೆ ತಿಂದ. ಆಮೇಲೆ ಕಿತ್ತಳೆ ಸಿಪ್ಪೆ ಎಸೆದಾಗ ಅದನ್ನೂ ಕಿತ್ತುಕೊಂಡು ತಿಂದ. ಕಮ್ಯುನಿಸ್ಟನ ಬಾಯಿ ಕಟ್ಟಿತಂತೆ. ಹಸಿದವನ ಮುಂದೆ ರೊಟ್ಟಿ ಎಸೆದು ಪರೀಕ್ಷೆ ಮಾಡಿದ್ದು ನನಗೆ ಇವತ್ತೂ ಸಂಕಟ ಕೊಡುತ್ತದೆ. ಆದರೂ ಇಬ್ಬರ ವಾದದ ನಡುವೆ ಮೂರನೆಯವನೊಬ್ಬ, ಯಾವ ಪಕ್ಷಕ್ಕೂ ಸೇರದವನು, ತನ್ನ ಹಸಿವಿನಿಂದಲೇ ತೀರ್ಪು ಕೊಟ್ಟ ಎಂಬುದನ್ನು ನೆನಪಿಡಿ. ನನ್ನ ಮುಂದಿನ ಮಾತೆಲ್ಲ ಈ ಮೂರನೆಯವನ ಬಗ್ಗೆಯೇ ಇದೆ.

1933ರ ಮಾರ್ಚ್ 29ರಂದು ಜೋನ್ಸ್ ಬರ್ಲಿನ್‌ನಲ್ಲಿ ಪತ್ರಕರ್ತರನ್ನು ಕರೆದು ಕಂಡದ್ದನ್ನು ಹೇಳಿದ. ಅಮೆರಿಕದ, ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಅದು ಅಚ್ಚಾಯಿತು. ಎರಡೇ ದಿನಕ್ಕೆ, ಮಾರ್ಚ್ 31ರಂದು, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದರ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿಯ ಖಂಡನೆ ಬಂತು. ಜೋನ್ಸ್ ಆತುರದ ತೀರ್ಮಾನಕ್ಕೆ ಬಂದಿದ್ದಾನೆ. ಕಷ್ಟವಿದೆ, ಆದರೆ ಬರಗಾಲವಿಲ್ಲ. ಸಾವುಗಳಾಗುತ್ತಿರುವುದು ಅರೆಹೊಟ್ಟೆಯಿಂದ ಬರುವ ಕಾಯಿಲೆಗಳಿಂದ ಎಂಬುದು ಅದರ ತಾತ್ಪರ್ಯ. ಬರೆದವನು ಸಾಮಾನ್ಯನಲ್ಲ. ಆ ಹೊತ್ತಿಗೆ ಅವನಿಗೆ 48 ವರ್ಷ. ಮಾಸ್ಕೋದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದವನು, ಸ್ಟಾಲಿನ್ನನ ಸಂದರ್ಶನ ಮಾಡಿದವನು, ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದವನು. ಅವನ ಮಾತಿನ ಮುಂದೆ 27ರ ಹುಡುಗನ ಮಾತು ನಿಲ್ಲಲಿಲ್ಲ. ಆ ಚಳಿಗಾಲ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ಉಕ್ರೇನ್ ಒಂದರಲ್ಲೇ 30 ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡ್ಯುರಾಂಟಿ ಆ ಸೀಮೆಗಳಲ್ಲಿ ಸುತ್ತಿಬಂದು ಬ್ರಿಟಿಷ್ ರಾಯಭಾರ ಕಚೇರಿಯವರ ಮುಂದೆ ಒಂದು ಕೋಟಿಯಷ್ಟು ಜನ ಸತ್ತಿರಬಹುದು ಎಂದು ಖಾಸಗಿಯಾಗಿ ಹೇಳಿದ. ತನ್ನ ಪತ್ರಿಕೆಯಲ್ಲಿ ಹಾಗೆ ಬರೆಯಲಿಲ್ಲ. ಅವನಿಗೆ ಬಂದ ಪ್ರಶಸ್ತಿಯನ್ನು ಹಿಂಪಡೆಯಬೇಕೆಂಬ ಒತ್ತಾಯ 2003ರಲ್ಲಿ ಜೋರಾದಾಗ ಪುಲಿಟ್ಜರ್ ಮಂಡಳಿ ಪರಿಶೀಲಿಸಿ, ಹಿಂಪಡೆಯುವುದಿಲ್ಲ ಎಂದು ತೀರ್ಮಾನಿಸಿತು.

ಡ್ಯುರಾಂಟಿ ಕಮ್ಯುನಿಸ್ಟನಾಗಿರಲಿಲ್ಲ ಎಂಬುದನ್ನು ಗಮನಿಸಿ. ಅವನನ್ನು ಕಟ್ಟಿಹಾಕಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಅವನ ಸ್ಥಾನ. ವೀಸಾ ಉಳಿಯಬೇಕು, ಸೆನ್ಸಾರ್ ಅಧಿಕಾರಿಯ ಜೊತೆ ಮಾತು ಕೆಡಬಾರದು, ದೊಡ್ಡವರ ಬಾಗಿಲು ತನಗೆ ಮಾತ್ರ ತೆರೆದಿರಬೇಕು. 1933ರ ಅದೇ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಮೆಟ್ರೊ-ವಿಕರ್ಸ್ ಕಂಪನಿಯ ಎಂಜಿನಿಯರುಗಳನ್ನು ಸೋವಿಯತ್ ಪೊಲೀಸರು ಬಂಧಿಸಿದ್ದರು. ಆ ವಿಚಾರಣೆ ವರದಿ ಮಾಡಲು ಅವಕಾಶ ಸಿಗದಿದ್ದರೆ ಮಾಸ್ಕೋದಲ್ಲಿದ್ದ ಯಾವ ವರದಿಗಾರನಿಗೂ ಉಳಿಗಾಲವಿರಲಿಲ್ಲ. ಜೋನ್ಸ್‌ಗೆ ಕಳೆದುಕೊಳ್ಳಲು ಅಂಥದ್ದೇನೂ ಇರಲಿಲ್ಲ. ಎಳೆಯತನ ಅವನಿಗೆ ಕೊಟ್ಟ ಬಲ ಅದು. ಹಿರಿಯ ಸಹೋದ್ಯೋಗಿಗಳು ಎಳೆಯರ ಪಕ್ಷಪಾತದ ಮೇಲೆ ಭಾಷಣ ಮಾಡುವಾಗ ನಾನು ಈ ಇಬ್ಬರ ವಯಸ್ಸನ್ನು ನೆನಪಿಸುತ್ತೇನೆ.

ಹಾಗೆಂದು ಎಳೆಯರೆಲ್ಲ ಸತ್ಯವಂತರು ಎಂದು ನಾನು ಹೇಳುತ್ತಿಲ್ಲ. ಮಾಲ್ಕಮ್ ಮಗರಿಜ್‌ನನ್ನು ನೋಡಿ. ಕೇರಳದ ಆಲುವಾ ಕಾಲೇಜಿನಲ್ಲಿ ಮೂರು ವರ್ಷ ಪಾಠ ಹೇಳಿ ಹೋಗಿದ್ದ ಇಂಗ್ಲಿಷಿನವನು. 1932ರ ಸೆಪ್ಟೆಂಬರಿನಲ್ಲಿ 29ರ ಪ್ರಾಯದಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್‌ಗಾಗಿ ಬರೆಯಲು ಮಾಸ್ಕೋಗೆ ಹೊರಟಾಗ ಅವನೂ ಅವನ ಹೆಂಡತಿಯೂ ಅಲ್ಲೇ ನೆಲೆಸಿಬಿಡುವ ಮನಸ್ಸಿನಲ್ಲಿದ್ದರು. ಹೆಂಡತಿ ಸಮಾಜವಾದಿ ಚಿಂತಕಿ ಬಿಯಾಟ್ರಿಸ್ ವೆಬ್ ಅವರ ತಂಗಿಯ ಮಗಳು. ಅಂದರೆ ಅವನ ಒಲವು, ಅವನ ಮನೆ, ಅವನ ಪತ್ರಿಕೆಯ ಓದುಗರು ಎಲ್ಲರೂ ಸೋವಿಯತ್ ಪ್ರಯೋಗ ಗೆಲ್ಲಲಿ ಎಂದು ಹಾರೈಸುವವರೇ. ಹೋಗಿ ಆರು ತಿಂಗಳೊಳಗೆ ಉಕ್ರೇನ್ ಮತ್ತು ಉತ್ತರ ಕಾಕಸಸ್ ಸುತ್ತಿ, ಕಂಡದ್ದನ್ನು ಬರೆದು, ಸೆನ್ಸಾರಿನ ಕಣ್ಣು ತಪ್ಪಿಸಿ ರಾಯಭಾರ ಕಚೇರಿಯ ಚೀಲದಲ್ಲಿ ಕಳಿಸಿದ. 1933ರ ಮಾರ್ಚ್ ಕೊನೆಯ ವಾರದಲ್ಲಿ ಮೂರು ಲೇಖನ ಅಚ್ಚಾದವು, ಹೆಸರಿಲ್ಲದೆ, ಕತ್ತರಿಸಿಕೊಂಡು. ಪತ್ರಿಕೆಯ ಜೊತೆ ಅವನ ನಂಟು ಕೆಟ್ಟಿತು. ಮುಂದೆ ಕಲಕತ್ತೆಯ ಸ್ಟೇಟ್ಸ್‌ಮನ್‌ಗೆ ಕೆಲಸಕ್ಕೆ ಬಂದ. ಪಕ್ಷಪಾತವಿಲ್ಲದ ಮನುಷ್ಯನಲ್ಲ ಅವನು. ತುಂಬಿಕೊಂಡೇ ಹೋದವನು. ಹೋಗಿ ನೋಡಿದ ಮೇಲೆ ತನ್ನವರಿಗೆ ನೋವಾಗುವುದನ್ನು ತನ್ನವರ ಪತ್ರಿಕೆಯಲ್ಲೇ ಬರೆದ.

ಇನ್ನೊಂದು ಹೆಸರು ಕನ್ನಡ ಓದುಗರಿಗೂ ಪರಿಚಿತ: ಲೂಯಿ ಫಿಷರ್. 1942ರಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿ ಜೊತೆ ಒಂದು ವಾರ ಕಳೆದು ಬರೆದವನು, 1950ರಲ್ಲಿ ಬಂದ ಅವರ ಪ್ರಸಿದ್ಧ ಜೀವನ ಚರಿತ್ರೆಯ ಕರ್ತೃ. ಆದರೆ 1933ರಲ್ಲಿ ಅವನು ಅಮೆರಿಕದ ದಿ ನೇಷನ್ ವಾರಪತ್ರಿಕೆಗೆ ಮಾಸ್ಕೋದಿಂದ ಬರೆಯುತ್ತಿದ್ದ ಮನಃಪೂರ್ವಕ ಸೋವಿಯತ್ ಅಭಿಮಾನಿ. ಆ ವರ್ಷ ಅಮೆರಿಕದಲ್ಲಿ ಭಾಷಣ ಮಾಡುತ್ತ ಲಕ್ಷಾಂತರ ಜನ ಸತ್ತರು ಎಂಬುದನ್ನು ಅಲ್ಲಗಳೆದ. ಹಣಕ್ಕಾಗಿ ಅಲ್ಲ. ಅಮೆರಿಕದಲ್ಲಿ ಕೆಲಸಗಾರರಲ್ಲಿ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ, ಜರ್ಮನಿಯಲ್ಲಿ ಜನವರಿ 30ರಂದು ಹಿಟ್ಲರ್ ಅಧಿಕಾರ ಹಿಡಿದಿದ್ದ. ಇಂಥ ಹೊತ್ತಿನಲ್ಲಿ ರಷ್ಯದ ಹೆಸರು ಕೆಡಿಸುವುದು ಶತ್ರುವಿಗೆ ಆಯುಧ ಕೊಟ್ಟಂತೆ ಎಂದು ಪ್ರಾಮಾಣಿಕವಾಗಿ ನಂಬಿದವರು ಎಷ್ಟೋ ಜನ. ಫಿಷರ್ ಮುಂದೆ ಬದಲಾದ. ತನ್ನ ಭ್ರಮನಿರಸನದ ಕಥೆಯನ್ನು 1949ರಲ್ಲಿ ಬಹಿರಂಗವಾಗಿ ಬರೆದ. ಅಷ್ಟರಲ್ಲಿ ಹದಿನಾರು ವರ್ಷ ಕಳೆದಿದ್ದವು.

ಇನ್ನು ಎದುರು ಪಾಳೆಯದವರು ಏನು ಮಾಡಿದರು? 1935ರಲ್ಲಿ ಅಮೆರಿಕದ ಪತ್ರಿಕೋದ್ಯಮಿ ವಿಲಿಯಂ ಹರ್ಸ್ಟ್‌ನ ಪತ್ರಿಕೆಗಳು ಉಕ್ರೇನಿನ ಬರಗಾಲದ್ದೆಂದು ಥಾಮಸ್ ವಾಕರ್ ಎಂಬ ಹೆಸರಿನವನ ಲೇಖನ, ಫೋಟೊಗಳನ್ನು ದೊಡ್ಡದಾಗಿ ಹಾಕಿದವು. ಫೋಟೊಗಳಲ್ಲಿ ಹಲವು 1921-22ರ ಹಳೆಯ ವೋಲ್ಗಾ ಬರಗಾಲದವು. ಬಯಲಿಗೆಳೆದವನು ಇದೇ ಫಿಷರ್. ಸುಳ್ಳು ಫೋಟೊ ಸಿಕ್ಕಿಬಿದ್ದದ್ದೇ ತಡ, ಬರಗಾಲವೇ ಸುಳ್ಳು ಎನ್ನುವವರಿಗೆ ಹಬ್ಬವಾಯಿತು. ಹರ್ಸ್ಟ್ ಪತ್ರಿಕೆಗಳಿಗೆ ಜೋನ್ಸ್ ಕೂಡ ಬರೆದಿದ್ದರಿಂದ ಅವನ ನಿಜವೂ ಅದೇ ಕೆಸರಿನಲ್ಲಿ ಬಿತ್ತು. ಸತ್ತವರ ಪರವಾಗಿ ಹೇಳಿದ ಸುಳ್ಳು ಸತ್ತವರಿಗೇ ಮುಳುವಾದದ್ದು ಹೀಗೆ. ನಮ್ಮ ಕಡೆಯ ಹಳೆಯ ವಿಡಿಯೊ, ತಪ್ಪು ಫೋಟೊಗಳನ್ನು ‘ವಿಷಯ ನಿಜ ತಾನೇ, ಚಿತ್ರ ಯಾವುದಾದರೇನು’ ಎಂದು ಸಮರ್ಥಿಸುವ ತರುಣ ಮಿತ್ರರಿಗೆ ಈ ಒಂದು ಪ್ರಸಂಗವನ್ನಾದರೂ ಓದಿಸಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತಾಲ್ಲೂಕಿನ ವರದಿಗಾರ ಪಂಚಾಯಿತಿ ಸಭೆಯ ಸುದ್ದಿಯಲ್ಲಿ ಒಂದು ಹೆಸರು ತಪ್ಪು ಬರೆದರೆ ಮರುದಿನ ಬೆಳಿಗ್ಗೆ ಆ ಮನುಷ್ಯ ಪತ್ರಿಕೆ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾನೆ. ಪಕ್ಷ ವಹಿಸಿ ಬರೆದರೆ ಎದುರು ಪಕ್ಷದವರು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳುತ್ತಾರೆ. ಸ್ಪಷ್ಟನೆ ಹಾಕಬೇಕಾಗುತ್ತದೆ. ಸಂಪಾದಕರು ಬೈಯುತ್ತಾರೆ. ತಕರಾರು ತೆಗೆಯುವವನು ಹತ್ತಿರದಲ್ಲೇ ಇರುವುದರಿಂದ ಊರ ಸುದ್ದಿಯಲ್ಲಿ ಪಕ್ಷಪಾತಕ್ಕೆ ಒಂದು ಕಡಿವಾಣವಿರುತ್ತದೆ. ಹೊರದೇಶದ ಸುದ್ದಿಯಲ್ಲಿ ಆ ಮನುಷ್ಯನೇ ಇಲ್ಲ. ಉಕ್ರೇನಿನ ರೈತ ನ್ಯೂಯಾರ್ಕಿನ ಪತ್ರಿಕಾ ಕಚೇರಿಗೆ ಹೋಗಿ ‘ಸ್ವಾಮಿ, ನನ್ನ ಮಗು ಸತ್ತದ್ದು ಕಾಯಿಲೆಯಿಂದಲ್ಲ’ ಎಂದು ಹೇಳಲಾರ. ಓದುಗನಿಗೂ ಸ್ವಂತ ಅನುಭವದಿಂದ ಒರೆಗೆ ಹಚ್ಚಿ ನೋಡಲು ದಾರಿಯಿಲ್ಲ. ಹೀಗೆ ಕೇಳುವವರಿಲ್ಲದ ಜಾಗದಲ್ಲಿ ಬರೆಯುವವನು ತನ್ನ ಮನೆಯ ಜಗಳವನ್ನು ತಂದು ಹರವಿಕೊಳ್ಳುತ್ತಾನೆ. 1933ರಲ್ಲಿ ಅಮೆರಿಕದವರು ರಷ್ಯದ ಬಗ್ಗೆ ಮಾಡಿದ ವಾದದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಮೆರಿಕದ್ದೇ ವಾದ: ಬಂಡವಾಳದ ವ್ಯವಸ್ಥೆ ಸೋತಿತೇ ಇಲ್ಲವೇ ಎಂಬುದು. ಉಕ್ರೇನಿನ ರೈತ ಆ ವಾದದಲ್ಲಿ ಸಾಕ್ಷಿಯಾಗಿ ಬಳಕೆಯಾದ. ಅವನ ಹೇಳಿಕೆಯನ್ನು ಮಾತ್ರ ವಾದ ಮಾಡಿದವರು ಯಾರೂ ಬರೆದುಕೊಳ್ಳಲಿಲ್ಲ. ನಡೆದುಹೋಗಿ ಬರೆದುಕೊಂಡವರ ಮಾತು ಗದ್ದಲದಲ್ಲಿ ಮುಳುಗಿತು.

ದೂರದವರಾಗಿ ನಮ್ಮ ಅನುಭವವೂ ಇದೆ. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದ, ಹಸಿವು ತಂದ ರೋಗಗಳಿಂದ ಸತ್ತಾಗ ಲಂಡನ್ನಿನ ಪಾಲಿಗೆ ನಾವು ದೂರದವರು. ಯುದ್ಧ ನಡೆಯುತ್ತಿತ್ತು. ಬರಗಾಲ ಎಂಬ ಮಾತನ್ನೇ ಸರ್ಕಾರ ಆಡುತ್ತಿರಲಿಲ್ಲ. ಅಲ್ಲಿನ ಪತ್ರಿಕೆಗಳಿಗೆ ತಮ್ಮ ದೇಶದ ಗೆಲುವಿನ ಸುದ್ದಿ ಮುಖ್ಯವಾಗಿತ್ತು. ಆಗಸ್ಟ್ 22ರಂದು ಸ್ಟೇಟ್ಸ್‌ಮನ್ ಸಂಪಾದಕ ಇಯಾನ್ ಸ್ಟೀಫನ್ಸ್ ಕಲಕತ್ತೆಯ ಬೀದಿಗಳಲ್ಲಿ ಸಾಯುತ್ತಿದ್ದವರ ಫೋಟೊಗಳನ್ನು ಅಚ್ಚು ಹಾಕಿದ. ಅವನೂ ಇಂಗ್ಲಿಷಿನವನೇ, ಆ ಪತ್ರಿಕೆಯೂ ಬ್ರಿಟಿಷ್ ಒಡೆತನದ್ದೇ, ಯುದ್ಧದಲ್ಲಿ ಬ್ರಿಟನ್ ಗೆಲ್ಲಬೇಕೆಂಬುದೇ ಅವನ ಹಂಬಲವೂ ಆಗಿತ್ತು; ಆದರೂ ಕಣ್ಣೆದುರು ಕಂಡದ್ದನ್ನು ಮುಚ್ಚಿಡಲಿಲ್ಲ. ದೂರದ ದೇಶದ ಬಗ್ಗೆ ಸಲೀಸಾಗಿ ಎರಡು ಮಾತು ಬರೆಯಲು ಕೂತಾಗ, ನಮ್ಮ ಅಜ್ಜಂದಿರ ಕಾಲದಲ್ಲಿ ಯಾರೋ ನಮ್ಮ ಬಗ್ಗೆ ಹೀಗೇ ಸಲೀಸಾಗಿ ಬರೆದು ಮಲಗಿದ್ದರು ಎಂದು ನೆನೆಯಬೇಕು.

ನಮ್ಮ ಹಿರಿಯರೂ ರಷ್ಯವನ್ನು ನೋಡಿದ್ದು ನಮ್ಮ ಮನೆಯ ಕಿಟಕಿಯಿಂದಲೇ. ನೆಹರೂ 1927ರ ನವೆಂಬರಿನಲ್ಲಿ ಕೆಲವೇ ದಿನ ಮಾಸ್ಕೋದಲ್ಲಿದ್ದು ಬಂದು ಬರೆದ ಲೇಖನಗಳು ಮರುವರ್ಷ ಪುಸ್ತಕವಾದವು. ಟಾಗೋರ್ 1930ರಲ್ಲಿ ಹೋಗಿ ಅಲ್ಲಿನ ಶಾಲೆಗಳನ್ನು ಮನಸಾರೆ ಮೆಚ್ಚಿದರು. ಆದರೆ ಇಜ್ವೆಸ್ತಿಯಾ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ದ್ವೇಷ ಕಲಿಸುವುದರ ಬಗ್ಗೆ, ಬಲಾತ್ಕಾರದ ಬಗ್ಗೆ ಎಚ್ಚರಿಸಿದರು. ಆ ಪತ್ರಿಕೆ ಅದನ್ನು ಅಚ್ಚು ಹಾಕಿದ್ದು 1988ರಲ್ಲಿ. ಆತಿಥ್ಯ ಕೊಟ್ಟವರ ಮನೆಯಲ್ಲೇ ತಕರಾರು ತೆಗೆದ ಟಾಗೋರರ ಆ ಮಾತು ನನಗೆ ಅವರ ಹೊಗಳಿಕೆಗಿಂತ ದೊಡ್ಡದು. ಕನ್ನಡದಲ್ಲಿ ನನ್ನ ತಲೆಮಾರಿನವರು ರಷ್ಯವನ್ನು ಅರಿತದ್ದು ನವಕರ್ನಾಟಕದ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳಿಂದ. ಆ ಪುಸ್ತಕಗಳ ಋಣ ನಮ್ಮ ಮೇಲೆ ದೊಡ್ಡದಿದೆ. ವಿಜ್ಞಾನ, ಗಣಿತ, ಗೋರ್ಕಿ, ಟಾಲ್‌ಸ್ಟಾಯ್ ಎಲ್ಲ ಆ ದಾರಿಯಲ್ಲೇ ಬಂದರು. 1933ರ ಉಕ್ರೇನ್ ಮಾತ್ರ ಆ ದಾರಿಯಲ್ಲಿ ಬರಲಿಲ್ಲ.

ಇವತ್ತಿನ ಕನ್ನಡ ಸುದ್ದಿಮನೆಗೆ ಬರೋಣ. ಇಲ್ಲಿ ವಿದೇಶ ಸುದ್ದಿ ಬರೆಯುವ ತರುಣ ಅಥವಾ ತರುಣಿ ಹೊರದೇಶದಲ್ಲಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಡೆಸ್ಕಿನಲ್ಲಿ ಕೂತು ಪಿಟಿಐ, ರಾಯಿಟರ್ಸ್, ಎಎಫ್‌ಪಿ ಕಳಿಸಿದ್ದನ್ನು ಅನುವಾದಿಸಬೇಕು, ಪುಟದ ಜಾಗಕ್ಕೆ ತಕ್ಕಂತೆ ಕತ್ತರಿಸಬೇಕು, ತಲೆಬರಹ ಕೊಡಬೇಕು, ನಡುವೆ ವೆಬ್‌ಸೈಟಿಗೆ ಒಂದು ವಿಶ್ಲೇಷಣೆಯನ್ನೂ ಬರೆಯಬೇಕು. ಕನ್ನಡ ಪತ್ರಿಕೆಗಳು ಹೊರದೇಶಕ್ಕೆ ವರದಿಗಾರರನ್ನು ಕಳಿಸುವುದು ಅಪರೂಪ. ನೆರೆಹೊರೆಯ ಬಾಗಿಲುಗಳೂ ಒಂದೊಂದಾಗಿ ಮುಚ್ಚುತ್ತಿವೆ. ಇಸ್ಲಾಮಾಬಾದಿನಲ್ಲಿದ್ದ ಇಬ್ಬರೇ ಭಾರತೀಯ ವರದಿಗಾರರನ್ನು, ದಿ ಹಿಂದೂ ಮತ್ತು ಪಿಟಿಐಗೆ ಸೇರಿದವರನ್ನು, 2014ರ ಮೇ ತಿಂಗಳಲ್ಲಿ ಪಾಕಿಸ್ತಾನ ಹೊರಗೆ ಕಳಿಸಿತು. 2023ರಲ್ಲಿ ಭಾರತ ಮತ್ತು ಚೀನಾ ಪರಸ್ಪರರ ವರದಿಗಾರರ ವೀಸಾಗಳನ್ನು ನವೀಕರಿಸದೆ ಕೈಬಿಟ್ಟವು. 2023ರ ಅಕ್ಟೋಬರಿನ ನಂತರ ಇಸ್ರೇಲ್ ಹೊರಗಿನ ಪತ್ರಕರ್ತರನ್ನು ಸ್ವತಂತ್ರವಾಗಿ ಗಾಜಾದೊಳಗೆ ಬಿಡಲಿಲ್ಲ. ಒಳಗಿದ್ದು ವರದಿ ಮಾಡಿದ ಪ್ಯಾಲೆಸ್ತೀನೀ ಪತ್ರಕರ್ತರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬಾಳಿಗೆ ಅತ್ಯಂತ ಹತ್ತಿರದ ದೇಶಗಳ ಬಗ್ಗೆ, ನಮ್ಮನ್ನು ಅತ್ಯಂತ ಕದಡುವ ಯುದ್ಧಗಳ ಬಗ್ಗೆ ನಮ್ಮ ತರುಣರು ಬರೆಯುವುದು ಇಂಥ ಕತ್ತಲಲ್ಲಿ. ಕಣ್ಣಿಗೆ ಏನೂ ಕಾಣದಿದ್ದಾಗ ಒಳಗಿನ ಒಲವೇ ಕಣ್ಣಾಗುತ್ತದೆ.

2024ರ ಆಗಸ್ಟ್ 5ರಂದು, ವಿದ್ಯಾರ್ಥಿಗಳ ದಂಗೆಯ ನಡುವೆ, ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟು ಬಂದರು. ಮರುದಿನದಿಂದ ನಮ್ಮಲ್ಲಿ ಎರಡು ಬಾಂಗ್ಲಾದೇಶಗಳು ಕಾಣಿಸಿಕೊಂಡವು. ಒಂದರಲ್ಲಿ ಹಿಂದೂಗಳ ನರಮೇಧ ಬಿಟ್ಟರೆ ಬೇರೇನೂ ನಡೆಯುತ್ತಿರಲಿಲ್ಲ. ಇನ್ನೊಂದರಲ್ಲಿ ಪ್ರಜಾಪ್ರಭುತ್ವದ ಅರುಣೋದಯ ಬಿಟ್ಟರೆ ಬೇರೇನೂ ನಡೆಯುತ್ತಿರಲಿಲ್ಲ. ಕ್ರಿಕೆಟ್ ಆಟಗಾರ ಲಿಟನ್ ದಾಸ್ ಮನೆಗೆ ಬೆಂಕಿ ಇಟ್ಟರು ಎಂದು ಹರಿದಾಡಿದ ವಿಡಿಯೊದಲ್ಲಿ ಉರಿಯುತ್ತಿದ್ದದ್ದು ಇನ್ನೊಬ್ಬ ಕ್ರಿಕೆಟಿಗ, ಹಸೀನಾರ ಅವಾಮಿ ಲೀಗಿನ ಸಂಸದ ಮಶ್ರಫೆ ಮುರ್ತಜಾನ ಮನೆ. ಸುಳ್ಳು ಬಯಲಾದಾಗ ಎರಡನೆಯ ಗುಂಪಿನವರು ಹಿಂದೂಗಳ ಮೇಲಿನ ದಾಳಿಯೆಲ್ಲ ಕಟ್ಟುಕಥೆ ಎಂದರು. ದಾಳಿಗಳು ನಡೆದದ್ದು ನಿಜ. ಮನೆ, ಅಂಗಡಿ, ದೇವಸ್ಥಾನಗಳು ನಾಶವಾದದ್ದು ನಿಜ. ಹರ್ಸ್ಟ್ ಮತ್ತು ಫಿಷರ್ ತೊಂಬತ್ತು ವರ್ಷದ ಹಿಂದೆ ಆಡಿದ ಆಟವನ್ನೇ ನಾವು ಒಂದು ವಾರದಲ್ಲಿ ಆಡಿ ಮುಗಿಸಿದೆವು. ವಾದ ಬಾಂಗ್ಲಾದೇಶದ ಹಿಂದೂಗಳ ಬಗ್ಗೆಯೂ ಆಗಿರಲಿಲ್ಲ, ಗುಂಡಿಗೆ ಎದೆಯೊಡ್ಡಿ ಸತ್ತ ಢಾಕಾದ ವಿದ್ಯಾರ್ಥಿಗಳ ಬಗ್ಗೆಯೂ ಆಗಿರಲಿಲ್ಲ. ಅದು ಭಾರತದಲ್ಲಿ ಯಾರು ಸರಿ ಎಂಬ ವಾದವಾಗಿತ್ತು.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಸಂಘರ್ಷ ನಡೆದ ರಾತ್ರಿಗಳಂತೂ ನಿಮಗೆಲ್ಲ ನೆನಪಿರಬೇಕು. ದೇಶದ ಹಲವು ವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತು ಎಂದವು. ಬೆಳಿಗ್ಗೆ ಬಂದರು ಇದ್ದ ಜಾಗದಲ್ಲೇ ಇತ್ತು. ಮೈಕು ಹಿಡಿದವರಲ್ಲಿ ಬಹುಪಾಲು ತರುಣರು. ಅವರಿಗೆ ಹಾಗೆ ಹೇಳಲು ಬಿಟ್ಟವರು, ಹೇಳಿಸಿದವರು ತರುಣರಲ್ಲ. ನಮ್ಮ ಸೈನಿಕರು ಪ್ರಾಣ ಪಣಕ್ಕಿಟ್ಟ ಹೊತ್ತಿನಲ್ಲಿ ನಿಜ ಹೇಳುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ ಎಂದು ನಾನು ನಂಬಿದ್ದೇನೆ. ದೇಶಪ್ರೇಮದ ಹೆಸರಿನಲ್ಲಿ ಆ ಗೌರವವನ್ನೇ ಮರೆತದ್ದು ನನ್ನನ್ನು ಇನ್ನೂ ನೋಯಿಸುತ್ತದೆ.

ನಮಗೂ ಒಮ್ಮೆ ಕಣ್ಣಿನ ಸಾಕ್ಷಿಗಳು ಸಿಕ್ಕಿದ್ದರು. 2022ರ ಫೆಬ್ರವರಿ-ಮಾರ್ಚ್‌ನಲ್ಲಿ ರಷ್ಯದ ಬಾಂಬುಗಳು ಖಾರ್ಕಿವ್ ಮೇಲೆ ಬೀಳುತ್ತಿದ್ದಾಗ ಅಲ್ಲಿನ ನೆಲಮಾಳಿಗೆಗಳಲ್ಲಿ, ಮೆಟ್ರೊ ನಿಲ್ದಾಣಗಳಲ್ಲಿ ಕನ್ನಡ ಮಾತಾಡುವ ಮಕ್ಕಳಿದ್ದರು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಅಲ್ಲಿ ದಾಳಿಗೆ ಬಲಿಯಾದ. ಜೋನ್ಸ್ ಇಳಿದು ನಡೆದ ಅದೇ ನೆಲದಿಂದ ನಮ್ಮ ಹುಡುಗರು ವಿಡಿಯೊ ಕರೆ ಮಾಡಿ ಅಚ್ಚ ಕನ್ನಡದಲ್ಲಿ ಹೇಳುತ್ತಿದ್ದರು. ಆ ಮಕ್ಕಳನ್ನು ನಾವು ಕೇಳಿದ್ದು ಹೆಚ್ಚಾಗಿ ಎರಡೇ ಪ್ರಶ್ನೆ: ಸರ್ಕಾರ ನಿಮ್ಮನ್ನು ಕರೆತರಲು ಬಂತೇ, ಊಟ ಸಿಗುತ್ತಿದೆಯೇ. ಕೇಳಬೇಕಾದದ್ದೇ, ತಾಯ್ತಂದೆಯರು ಇಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಆದರೆ ನಿಮ್ಮ ಪಕ್ಕದಲ್ಲಿ ಕೂತ ಉಕ್ರೇನಿನ ಅಜ್ಜಿ ಏನು ಹೇಳುತ್ತಾಳೆ, ರಷ್ಯನ್ ಮಾತಾಡುವ ಆ ಊರಿನ ಜನ ರಷ್ಯದ ಸೈನ್ಯವನ್ನು ಹೇಗೆ ನೋಡುತ್ತಿದ್ದಾರೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಎರಡು ದಿನದಲ್ಲಿ ಚರ್ಚೆ ನಮ್ಮ ವೈದ್ಯಕೀಯ ಸೀಟು, ಶುಲ್ಕ, ಮೀಸಲಾತಿಗೆ ಹೊರಳಿತು. ಅದೇ ವಾರ ಬಂದ ವಿಶ್ಲೇಷಣೆಗಳಲ್ಲಿ ಪುಟಿನ್ ಕೆಲವರಿಗೆ ಅಮೆರಿಕದ ಸೊಕ್ಕು ಮುರಿಯುವ ಧೀರನಾಗಿದ್ದ, ಕೆಲವರಿಗೆ ನಮ್ಮ ದೇಶದ ನಾಯಕರೊಬ್ಬರನ್ನು ಹಳಿಯಲು ಸಿಕ್ಕ ನೆಪವಾಗಿದ್ದ. ಖಾರ್ಕಿವ್‌ನವರು ಯಾರ ಮಾತಿನಲ್ಲೂ ಇರಲಿಲ್ಲ.

ಹಾಗಾದರೆ ತರುಣ ಪತ್ರಕರ್ತನಿಗೆ ರಾಜಕೀಯ ನಿಲುವೇ ಇರಬಾರದೇ? ಇರಲಿ. ನಿಲುವಿಲ್ಲದ ತರುಣರನ್ನು ಕಂಡರೆ ನನಗೆ ಭಯ. 1937ರಲ್ಲಿ ಸ್ಪೇನಿನ ಯುದ್ಧದಿಂದ ಗಾಯಗೊಂಡು ಬಂದ ಜಾರ್ಜ್ ಆರ್ವೆಲ್ ಎಡಪಂಥೀಯನೇ, ಒಂದು ಪಕ್ಷದ ಪರ ಬಂದೂಕು ಹಿಡಿದವನೇ. ಬಾರ್ಸಿಲೋನಾದಲ್ಲಿ ಎಡಪಂಥೀಯರೇ ಎಡಪಂಥೀಯರನ್ನು ಹತ್ತಿಕ್ಕಿದ್ದನ್ನು ಬರೆದಾಗ ಲಂಡನ್ನಿನ ನ್ಯೂ ಸ್ಟೇಟ್ಸ್‌ಮನ್ ಅದನ್ನು ಅಚ್ಚು ಹಾಕಲು ಒಪ್ಪಲಿಲ್ಲ. ಮರುವರ್ಷ ಬಂದ ತನ್ನ ಪುಸ್ತಕದಲ್ಲಿ ಅವನು ಓದುಗರಿಗೆ ನೇರವಾಗಿ ಹೇಳುತ್ತಾನೆ: ನಾನು ಒಂದು ಪಕ್ಷದವನು, ಘಟನೆಯ ಒಂದು ಮೂಲೆಯನ್ನಷ್ಟೇ ಕಂಡವನು, ನನ್ನ ತಪ್ಪುಗಳ ಬಗ್ಗೆ ಎಚ್ಚರವಿರಲಿ, ಈ ಯುದ್ಧದ ಬಗ್ಗೆ ಬೇರೆ ಯಾರು ಬರೆದದ್ದನ್ನು ಓದುವಾಗಲೂ ಇದೇ ಎಚ್ಚರವಿರಲಿ. ಜೋನ್ಸ್ ಕೂಡ ಡ್ಯುರಾಂಟಿಗೆ ಉತ್ತರವಾಗಿ 1933ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಪತ್ರದಲ್ಲಿ ಕೋಪ ತೋರಿಸಲಿಲ್ಲ, ತನ್ನ ಆಧಾರಗಳನ್ನು ಬಿಡಿಸಿಟ್ಟ: ಹಲವು ದೇಶಗಳ ರಾಜತಾಂತ್ರಿಕರು ಏನೆಂದರು, ಹಳ್ಳಿಗಳ ರೈತರು ಏನೆಂದರು, ಅಲ್ಲಿ ನೆಲೆಸಿದ ಜರ್ಮನ್ ರೈತರ ಪತ್ರಗಳಲ್ಲಿ ಏನಿತ್ತು ಎಂದು. ನಮ್ಮ ವಿದೇಶ ವಿಶ್ಲೇಷಣೆಗಳ ಕೊನೆಯಲ್ಲಿ ಇಂಥ ನಾಲ್ಕು ಸಾಲು ಇರಬಾರದೇಕೆ? ಈ ದೇಶಕ್ಕೆ ಹೋಗಿದ್ದೇನೆಯೇ, ಅಲ್ಲಿನ ಭಾಷೆ ಬರುತ್ತದೆಯೇ, ಅಲ್ಲಿ ಯಾರೊಡನೆ ಮಾತಾಡಿದೆ, ನನಗೆ ತಿಳಿದ ಯಾವ ಸಂಗತಿ ನನ್ನ ವಾದಕ್ಕೆ ಹೊಂದಿಕೆಯಾಗುತ್ತಿಲ್ಲ. ಕೊನೆಯದು ಬಹಳ ಮುಖ್ಯ. ಅದನ್ನು ಬರೆಯಲು ಕೂತರೆ ಎಷ್ಟೋ ಲೇಖನಗಳು ಮೊದಲಿನಿಂದ ಬದಲಾಗುತ್ತವೆ.

ಭಾಷೆಯ ಮಾತು ಬಂತು. ಬಾಂಗ್ಲಾ ಕಲಿತ ಒಬ್ಬ ಕನ್ನಡ ಪತ್ರಕರ್ತ ಢಾಕಾದ ಪತ್ರಿಕೆಗಳನ್ನು ದಿನಾ ಬೆಳಿಗ್ಗೆ ಓದಿದ್ದರೆ ಸಾಕಿತ್ತು, ಆ ಆಗಸ್ಟಿನ ಅರ್ಧ ಸುಳ್ಳು ನಮ್ಮ ಡೆಸ್ಕ್ ದಾಟುತ್ತಿರಲಿಲ್ಲ. ನೇಪಾಳಿ, ಸಿಂಹಳ, ಉರ್ದು, ಬಾಂಗ್ಲಾ ಇವುಗಳಲ್ಲಿ ಒಂದನ್ನಾದರೂ ಪತ್ರಿಕೋದ್ಯಮ ವಿಭಾಗಗಳು ಕಲಿಸಬೇಕು. ನಮ್ಮ ನೆರೆಯವರ ಮೂಗಿನಡಿಯ ಸುದ್ದಿಯನ್ನು ಲಂಡನ್ ಮಾರ್ಗವಾಗಿ ತರಿಸಿಕೊಂಡು ಇಂಗ್ಲಿಷಿನಿಂದ ಅನುವಾದಿಸುವುದು ಏನು ಅಗತ್ಯ?

ಕೊನೆಗೆ ಪತ್ರಿಕೋದ್ಯಮದ ವಿದ್ಯಾರ್ಥಿಗಳ ಮುಂದೆ ಒಂದು ಕೆಲಸ ಇಡುತ್ತೇನೆ. 1920ರ ಆಗಸ್ಟಿನಲ್ಲಿ 30 ವರ್ಷದ ವಾಲ್ಟರ್ ಲಿಪ್‌ಮನ್ ಮತ್ತು ಅವನಿಗಿಂತಲೂ ಕಿರಿಯನಾದ ಚಾರ್ಲ್ಸ್ ಮರ್ಜ್ ಎಂಬ ಇಬ್ಬರು ಪತ್ರಕರ್ತರು ನ್ಯೂ ರಿಪಬ್ಲಿಕ್ ಪತ್ರಿಕೆಯ ಪುರವಣಿಯಾಗಿ ಒಂದು ಅಧ್ಯಯನ ಪ್ರಕಟಿಸಿದರು. 1917ರ ಮಾರ್ಚ್‌ನಿಂದ ಮೂರು ವರ್ಷಗಳ ನ್ಯೂಯಾರ್ಕ್ ಟೈಮ್ಸ್ ಸಂಚಿಕೆಗಳಲ್ಲಿ ರಷ್ಯದ ಬಗ್ಗೆ ಬಂದದ್ದನ್ನು ಒಂದೊಂದಾಗಿ ಓದಿದರು. ಅಭಿಪ್ರಾಯಗಳ ತಂಟೆಗೆ ಹೋಗಲಿಲ್ಲ. ಯಾರೂ ಅಲ್ಲಗಳೆಯಲಾಗದ ಕೆಲವು ಘಟನೆಗಳನ್ನಷ್ಟೇ ಅಳತೆಗೋಲಾಗಿ ಇಟ್ಟುಕೊಂಡರು: ರಷ್ಯ ಜರ್ಮನಿಯೊಡನೆ ಪ್ರತ್ಯೇಕ ಶಾಂತಿ ಮಾಡಿಕೊಂಡಿತು, ಬೋಲ್ಷೆವಿಕರಿಗೆ ಎದುರಾಗಿ ಹೋರಾಡಿದ ಬಿಳಿಸೇನೆಯ ದಂಡನಾಯಕರು ಸೋತರು, ಬೋಲ್ಷೆವಿಕರು ಅಧಿಕಾರದಲ್ಲಿ ಉಳಿದರು. ಪತ್ರಿಕೆ ಓದುಗರಿಗೆ ಏನು ಹೇಳಿತ್ತು ಎಂದು ಎದುರಿಗೆ ಇಟ್ಟು ನೋಡಿದರು. ಬೋಲ್ಷೆವಿಕ್ ಸರ್ಕಾರ ಬಿದ್ದಿತು ಅಥವಾ ಬೀಳುವುದರಲ್ಲಿದೆ ಎಂದು ಆ ಪತ್ರಿಕೆ 91 ಸಲ ಬರೆದಿತ್ತು. ಯಾರೋ ಸುಳ್ಳುಗಾರರು ಸೇರಿ ಹೂಡಿದ ಸಂಚಿನ ಫಲ ಅದಲ್ಲ, ವರದಿಗಾರರ ಮತ್ತು ಸಂಪಾದಕರ ಹಾರೈಕೆಯೇ ಸುದ್ದಿಯ ವೇಷ ತೊಟ್ಟದ್ದು ಎಂಬ ತೀರ್ಮಾನಕ್ಕೆ ಅವರು ಬಂದರು. ಸಂತೋಷದ ವಿಷಯವೆಂದರೆ ಮರ್ಜ್ ಮುಂದೆ ಅದೇ ನ್ಯೂಯಾರ್ಕ್ ಟೈಮ್ಸ್‌ನ ಸಂಪಾದಕೀಯ ಪುಟದ ಮುಖ್ಯಸ್ಥನಾದ. ತಕರಾರು ತೆಗೆದವನನ್ನು ಆ ಪತ್ರಿಕೆ ಒಳಗೆ ಕರೆದುಕೊಂಡಿತು.

ಕನ್ನಡದಲ್ಲಿ ಇಂಥ ಲೆಕ್ಕ ಮಾಡಿ. 2024ರ ಆಗಸ್ಟ್ 5ರಿಂದ ಆ ವರ್ಷದ ಕೊನೆಯವರೆಗೆ ಬಾಂಗ್ಲಾದೇಶದ ಬಗ್ಗೆ ಕನ್ನಡದಲ್ಲಿ ಅಚ್ಚಾದ ವರದಿ, ಸಂಪಾದಕೀಯ, ಅಂಕಣಗಳನ್ನು ಒಟ್ಟುಮಾಡಿ. ಬೇರೆ ಬೇರೆ ನಿಲುವಿನ ಮೂರು ಪತ್ರಿಕೆಗಳನ್ನಾದರೂ ಆರಿಸಿಕೊಳ್ಳಿ. ಯಾವ ಹೇಳಿಕೆ ನಂತರ ನಿಜವಾಯಿತು, ಯಾವುದು ಸುಳ್ಳಾಯಿತು, ಸುಳ್ಳಾದದ್ದಕ್ಕೆ ತಿದ್ದುಪಡಿ ಬಂತೇ, ಬಂದಿದ್ದರೆ ಯಾವ ಪುಟದಲ್ಲಿ, ಎಷ್ಟು ಸಾಲು, ಬಾಂಗ್ಲಾದೇಶದಲ್ಲಿ ಬದುಕುವ ಎಷ್ಟು ಜನರ ಮಾತು ಅದರಲ್ಲಿದೆ ಎಂದು ಪಟ್ಟಿ ಮಾಡಿ. ಒಂದು ಷರತ್ತಿದೆ. ಪ್ರತಿ ಸಂಚಿಕೆಯನ್ನೂ ಇಬ್ಬರು ಜೊತೆಗೆ ಓದಬೇಕು, ಆ ಇಬ್ಬರು ಚುನಾವಣೆಯಲ್ಲಿ ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುವವರಾಗಿರಬೇಕು. ಇಬ್ಬರೂ ಒಪ್ಪಿದ್ದು ಮಾತ್ರ ಲೆಕ್ಕಕ್ಕೆ ಬರಲಿ, ಒಪ್ಪದೆ ಉಳಿದದ್ದನ್ನು ಇಬ್ಬರ ವಾದದೊಂದಿಗೆ ಬೇರೆಯಾಗಿ ಅಚ್ಚು ಮಾಡಿಸಿ. ಇದಕ್ಕೆ ಹಣ ಹೆಚ್ಚು ಬೇಡ, ಗ್ರಂಥಾಲಯದ ಹಳೆಯ ಪತ್ರಿಕೆಗಳ ಕಟ್ಟು ಸಾಕು. ಪತ್ರಿಕೋದ್ಯಮ ವಿಭಾಗದವರು ಒಪ್ಪಿದರೆ, ಈ ದತ್ತಿ ಉಪನ್ಯಾಸ ಮಾಲೆಯ ಮುಂದಿನ ಉಪನ್ಯಾಸವನ್ನು ಆ ವರದಿ ಬರೆದ ವಿದ್ಯಾರ್ಥಿಗಳೇ ಈ ವೇದಿಕೆಯಿಂದ ಮಾಡಬಹುದು. ಆ ಪತ್ರಿಕೆಗಳ ಸಂಪಾದಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರ ಉತ್ತರಕ್ಕೂ ಅಷ್ಟೇ ಹೊತ್ತು ಕೊಡಬಹುದು.